ಅಟ್ಟದ ಮೇಲಿನ ಮೂವತ್ತು ಮೂಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಟ್ಟಿದಂದಿನಿಂದ ನಾನು ಮಲಗುತ್ತಾ ಬಂದಿರುವುದು ಒಂದೇ ತೊಲೆಯ ಕೆಳಗೆ; ಅರವತ್ತು ತುಂಬುವವರೆಗೂ ಅದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅಂಗಾತ ಮಲಗಿದವನಿಗೆ ಕಾಣುವುದು ಅದೊಂದೇ ತಾನೇ ಎಂದು ನೀವು ಕೇಳಬಹುದು. ಕಾಣುತ್ತಿತ್ತು, ಇಲ್ಲವೆನ್ನುವುದಿಲ್ಲ. ನೆಲಕ್ಕೆ ಯಾವ ಟೈಲ್ಸ್, ಗೋಡೆಗೆ ಯಾವ ಬಣ್ಣ ಎಂದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆದಿದೆ, ಒಂದೆರಡು ಸಲ ಮಾತುಬಿಟ್ಟದ್ದೂ ಇದೆ. ತಲೆಯ ಮೇಲೆ ಇರುವುದು ಯಾವುದರ ಮೇಲೆ ನಿಂತಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಹಲ್ಲಿ ಲೊಚಗುಟ್ಟಿದಾಗ ಮೇಲೆ ನೋಡುತ್ತಿದ್ದೆವು, ಅದೂ ಶಕುನಕ್ಕಾಗಿ.

ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಕ್ಷಮಿಸಬಹುದಿತ್ತು. ನಾನು ರಾಮನಗರದ ಕಾಲೇಜೊಂದರಲ್ಲಿ ಮೂವತ್ತಮೂರು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು. ಬೋರ್ಡಿನ ಮೇಲೆ ನಾನು ಬರೆದ ತೊಲೆಗಳನ್ನೆಲ್ಲ ಸಾಲಾಗಿ ಇಟ್ಟಿದ್ದರೆ ಚನ್ನಪಟ್ಟಣದಿಂದ ಕನಕಪುರದವರೆಗೆ ಚಪ್ಪರ ಹಾಕಬಹುದಿತ್ತು. ಎರಡು ತುದಿಗೆ ಎರಡು ಆಧಾರ, ನಡುವೆ ಕೆಳಮುಖವಾದ ಒಂದು ಬಾಣ, ಅಷ್ಟೇ. ಆ ತೊಲೆಗಳಿಗೆ ಗೆದ್ದಲು ಹತ್ತುತ್ತಿರಲಿಲ್ಲ, ಬಿರುಕು ಬಿಡುತ್ತಿರಲಿಲ್ಲ. ‘ತೊಲೆಯನ್ನು ಭಾರರಹಿತ ಎಂದು ಭಾವಿಸಿ’ ಎಂದು ಪ್ರಶ್ನೆಯಲ್ಲೇ ಕೊಟ್ಟಿರುತ್ತಿದ್ದರು. ಮೂವತ್ತಮೂರು ವರ್ಷ ಹಾಗೆ ಭಾವಿಸಿ ಭಾವಿಸಿ ನನಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

ನಮ್ಮ ಮನೆ ಇರುವುದು ಅಕ್ಕೂರಿನಲ್ಲಿ, ನನ್ನ ತಂದೆಯ ತಂದೆ ಕಟ್ಟಿಸಿದ್ದು. ದಪ್ಪ ಮಣ್ಣಿನ ಗೋಡೆ, ಹೆಂಚಿನ ಸೂರು, ನಡುಮನೆಯ ಮೇಲೆ ಮರದ ಅಟ್ಟ. ಗೋಡೆಯಿಂದ ಗೋಡೆಗೆ ಒಂದು ದೊಡ್ಡ ತೊಲೆ, ಅದರ ಮೇಲೆ ಅಡ್ಡಡ್ಡಲಾಗಿ ಜಂತೆಗಳು, ಜಂತೆಗಳ ಮೇಲೆ ಹಲಗೆ; ಬಾಗಿಲ ಕಡೆಯ ಮಗ್ಗುಲು ತೆರೆದಿರುವುದರಿಂದ ಮೇಲಿರುವುದು ಕೆಳಗಿನಿಂದಲೇ ಕಾಣುತ್ತದೆ. ಅಟ್ಟವೆಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎಸೆಯಲು ಮನಸ್ಸಿಲ್ಲದ, ಇಟ್ಟುಕೊಳ್ಳಲು ಜಾಗವಿಲ್ಲದ ಸಾಮಾನುಗಳಿಗೆಲ್ಲ ಗೌರವದಿಂದ ಸ್ಥಾನ ಕಲ್ಪಿಸುವ ವ್ಯವಸ್ಥೆ ಅದು. ರಾಜಕೀಯದಲ್ಲೂ ಇಂಥದ್ದೊಂದು ಇದೆ ಎಂದು ಕೇಳಿದ್ದೇನೆ. ನಮ್ಮ ಅಟ್ಟದ ಮೇಲೆ ತೂತು ಬಿದ್ದ ತಾಮ್ರದ ಹಂಡೆ, ರೇಷ್ಮೆ ಸಾಕುವುದನ್ನು ಬಿಟ್ಟ ಮೇಲೆ ಯಾರಿಗೂ ಬೇಡವಾದ, ಹುಳು ಗೂಡು ಕಟ್ಟುವ ಹತ್ತು ಬಿದಿರಿನ ಚಂದ್ರಿಕೆ, ಹುಣಸೆಹಣ್ಣಿನ ಮಡಕೆಗಳು, ನನ್ನ ಮಗಳು ಚೈತ್ರಳ ಮೂರು ಗಾಲಿಯ ಸೈಕಲ್ಲು ಇದ್ದವು. ಇವೆಲ್ಲ ಒಬ್ಬರಿಗೊಬ್ಬರು ತೊಂದರೆ ಕೊಡದೆ ಅನೇಕ ವರ್ಷಗಳಿಂದ ಅಲ್ಲೇ ಇದ್ದವು.

ಅವುಗಳ ನೆಮ್ಮದಿಗೆ ಭಂಗ ತಂದದ್ದು ನನ್ನ ನಿವೃತ್ತಿ. ನಿವೃತ್ತನಾದ ಮೇಷ್ಟ್ರಿಗೆ ಒಂದು ಹಾರ, ಒಂದು ಶಾಲು, ಒಂದು ಗಡಿಯಾರ ಕೊಟ್ಟು ಕಳಿಸುವುದು ಪದ್ಧತಿ. ಸಮಯಕ್ಕೆ ಸರಿಯಾಗಿ ಹೋಗಬೇಕಾದ ಜಾಗ ಒಂದೂ ಉಳಿಯದ ದಿನವೇ ಗಡಿಯಾರ ಏಕೆ ಕೊಡುತ್ತಾರೋ ನನಗಿನ್ನೂ ತಿಳಿದಿಲ್ಲ. ನನ್ನ ಜೊತೆ ಸ್ಟಾಫ್ ರೂಮಿನ ಬೀರುವಿನಲ್ಲಿದ್ದ ಪುಸ್ತಕಗಳೂ ಮನೆಗೆ ಬಂದವು. ಮೊದಲೇ ಮನೆಯಲ್ಲಿದ್ದ ಪುಸ್ತಕ, ಈಗ ಬಂದ ಪುಸ್ತಕ, ಕಟ್ಟುಕಟ್ಟು ಹಳೆಯ ಪತ್ರಿಕೆಗಳು, ಎಲ್ಲ ಸೇರಿ ನಡುಮನೆಯ ಪಕ್ಕದ ಕೋಣೆ ತುಂಬಿಹೋಯಿತು. ನನ್ನ ಹೆಂಡತಿ ಮಂಗಳ ಒಂದು ವಾರ ಏನೂ ಅನ್ನಲಿಲ್ಲ. ಮೂವತ್ತು ವರ್ಷದ ದಾಂಪತ್ಯ ಮಾಡಿದವರಿಗೆ ಆ ಒಂದು ವಾರ ಎಂಥದೆಂದು ಗೊತ್ತಿರುತ್ತದೆ.

ಎಂಟನೆಯ ದಿನ ಅವಳು ಹೇಳಿದಳು: "ನೋಡ್ರೀ, ಚೈತ್ರಂಗೆ ಈಗ ಆರು ತುಂಬ್ತಾ ಐತೆ. ಸೀಮಂತ ಮುಗಿಸ್ಕೊಂಡು ಬಾಣಂತನಕ್ಕೆ ಇಲ್ಲಿಗೇ ಬರೋದು. ಆ ಕೋಣೆ ಅವಳಿಗೆ ಬೇಕು. ನಿಮ್ಮ ಪುಸ್ತಕ ಎಲ್ಲಿಗೆ ಬೇಕಾದ್ರೂ ಹೋಗ್ಲಿ."

ತುಮಕೂರಿನಲ್ಲಿರುವ ಮಗಳು ಮೊದಲ ಹೆರಿಗೆಗೆ ಬರುತ್ತಾಳೆ; ಕೋಣೆಯಲ್ಲಿ ಬಾಣಂತಿ, ನಡುಮನೆಯಲ್ಲಿ ತೊಟ್ಟಿಲು. ನಮ್ಮಲ್ಲಿ ತೊಟ್ಟಿಲು ಕಟ್ಟುವುದು ಆ ದೊಡ್ಡ ತೊಲೆಗೇ. ನನ್ನನ್ನು ತೂಗಿದ್ದೂ ಅಲ್ಲೇ, ಚೈತ್ರಳನ್ನು ತೂಗಿದ್ದೂ ಅಲ್ಲೇ. ಎಲ್ಲಿಗೆ ಬೇಕಾದರೂ ಹೋಗಲಿ ಎಂಬ ಮಾತು ಕೇಳಿದ ಕೂಡಲೇ ನನ್ನ ಕಣ್ಣು ಜೀವಮಾನದಲ್ಲಿ ಮೊದಲ ಸಲ ಮೇಲಕ್ಕೆ ಹೋಯಿತು. ಅಟ್ಟ! ಹಂಡೆ, ಚಂದ್ರಿಕೆಗಳನ್ನು ಇಳಿಸಿ, ಹಲಗೆ ಒರೆಸಿ, ಎರಡು ಗಾಜಿನ ಹೆಂಚು ಹಾಕಿಸಿದರೆ ನನಗೊಂದು ಓದುವ ಕೋಣೆ. ಕೆಳಗೆ ಮೊಮ್ಮಗು, ಮೇಲೆ ತಾತ. ತೊಟ್ಟಿಲನ್ನೂ ನನ್ನ ಪುಸ್ತಕಗಳನ್ನೂ ಒಂದೇ ತೊಲೆ ಹೊರುತ್ತದೆ ಎಂಬುದು ಆಗ ನನಗೆ ಬಹಳ ಸುಂದರವಾದ ಸಂಗತಿಯಾಗಿ ಕಂಡಿತು.

ಮೊಬೈಲಿನಲ್ಲಿ ನೋಡಿದೆ. ಪರದೇಶದಲ್ಲಿ ಇದೊಂದು ದೊಡ್ಡ ವಿದ್ಯೆ. ಅಟ್ಟ ಮುಟ್ಟುವುದಕ್ಕೆ ಮೊದಲು ಅಲ್ಲೊಬ್ಬ ತಜ್ಞ ಬರುತ್ತಾನೆ, ತೊಲೆಗೆ ಬೆಳಕು ಹಿಡಿಯುತ್ತಾನೆ, ಅಳೆಯುತ್ತಾನೆ, ಗೋಡೆ ತಡಕುತ್ತಾನೆ, ತಲೆ ಅಲ್ಲಾಡಿಸುತ್ತಾನೆ. ಹನ್ನೆರಡು ನಿಮಿಷದ ವೀಡಿಯೋದಲ್ಲಿ ಹತ್ತು ನಿಮಿಷ ಇದೇ. ನಾನು ಅದನ್ನು ಓಡಿಸಿ ಕೊನೆಯ ಎರಡು ನಿಮಿಷ ಮಾತ್ರ ನೋಡುತ್ತಿದ್ದೆ, ಅಲ್ಲಿ ಅವನು ಕಿಟಕಿಯ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದ. ಅವರಿಗೆಲ್ಲ ಪಾಪ ಯಾರೂ ಹೇಳುವವರಿಲ್ಲ, ಅದಕ್ಕೇ ತಜ್ಞರನ್ನು ಕರೆಸುತ್ತಾರೆ ಎಂದುಕೊಂಡೆ. ನಮಗೆ ಹೇಳುವವರಿದ್ದರು.

ನಮಗೆ ಮೂವತ್ತು ಮೂಟೆ ಇತ್ತು.

ಇದನ್ನು ಸ್ವಲ್ಪ ವಿವರಿಸಬೇಕು. ಪ್ರತಿ ಮನೆತನಕ್ಕೂ ಒಂದು ಹೆಮ್ಮೆಯ ಮಾತು ಇರುತ್ತದೆ. ಕೆಲವರ ಮನೆಯಲ್ಲಿ ಮಹಾರಾಜರು ಕೊಟ್ಟ ಶಾಲು, ಕೆಲವರ ಮನೆಯಲ್ಲಿ ಹುಲಿ ಹೊಡೆದ ಮುತ್ತಾತ. ನಮ್ಮ ಮನೆಯಲ್ಲಿ ಅಟ್ಟದ ಮೇಲೆ ಮೂವತ್ತು ಮೂಟೆ ರಾಗಿ. "ನಮ್ಮಪ್ಪನ ಕಾಲಕ್ಕೆ ಈ ಅಟ್ಟದ ಮೇಲೆ ಮೂವತ್ತು ಮೂಟೆ ರಾಗಿ ಇತ್ತು ಕಣ್ಲಾ" ಎಂದು ನನ್ನ ತಂದೆಯ ಅಣ್ಣ, ನಮ್ಮ ದೊಡ್ಡಪ್ಪ, ಯಾವ ಮಾತು ಎಲ್ಲಿಂದ ಶುರುವಾಗಿದ್ದರೂ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದರು. ನನ್ನ ತಾಯಿಯ ತಂದೆ ಕುದೂರಿನಿಂದ ಗಂಡಿನ ಮನೆ ನೋಡಲು ಬಂದವರು ಇದೇ ನಡುಮನೆಯಲ್ಲಿ ಕೂತು, ತಲೆ ಎತ್ತಿ, ಆ ಮೂಟೆಗಳನ್ನು ಒಂದೊಂದಾಗಿ ಎಣಿಸಿ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ಹುಡುಗನ ಮುಖವನ್ನೂ ನೋಡದೆ ಹೆಣ್ಣು ಕೊಟ್ಟರಂತೆ. ಅಂದರೆ ನಾನು ಹುಟ್ಟಿದ್ದಕ್ಕೂ ಆ ಮೂಟೆಗಳೇ ಕಾರಣ. ದೊಡ್ಡಪ್ಪ ಈಗಿಲ್ಲ, ಆ ಮಾತನ್ನು ಹೇಳುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ನಾನೂ ಎಲ್ಲೂ ಕಡಿಮೆ ಮಾಡಿರಲಿಲ್ಲ.

ಲೆಕ್ಕ ಹಾಕಿದೆ. ಮೂಟೆಗೆ ಎಪ್ಪತ್ತು ಕಿಲೋ ಹಿಡಿದರೂ ಎರಡು ಟನ್ನಿನ ಮೇಲಾಯಿತು. ನನ್ನ ಪುಸ್ತಕ, ಕಬ್ಬಿಣದ ಬೀರು, ಮೇಜು, ಕುರ್ಚಿ, ಅದರ ಮೇಲೆ ಕೂರುವ ನಾನು, ಎಲ್ಲ ಸೇರಿ ಒಂದು ಟನ್ನು. ಎರಡು ಟನ್ನು ಹೊತ್ತ ಅಟ್ಟಕ್ಕೆ ಒಂದು ಟನ್ನು ಯಾವ ಲೆಕ್ಕ? ಕೆಳಗೆ ಗೆರೆ ಎಳೆದು ‘ಸುರಕ್ಷಿತ’ ಎಂದು ಬರೆದೆ. ಪರೀಕ್ಷೆಯಲ್ಲಿ ಯಾವನಾದರೂ ವಿದ್ಯಾರ್ಥಿ ‘ನಮ್ಮ ದೊಡ್ಡಪ್ಪ ಹೇಳಿದ ಪ್ರಕಾರ’ ಎಂದು ಉತ್ತರ ಶುರುಮಾಡಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಆದರೂ ಒಂದು ಮಾತು ಕೇಳಿಬಿಡೋಣವೆಂದು ಸಿದ್ದರಾಜು ಮೇಸ್ತ್ರಿಯನ್ನು ಕರೆಸಿದೆ. ನಮ್ಮೂರಿನಲ್ಲಿ ಎಲ್ಲ ಮನೆ ಕಟ್ಟುವವನೂ ಕೆಡವುವವನೂ ಅವನೇ. ಏಣಿ ಹತ್ತಿ, ಬೆರಳ ಗೆಣ್ಣಿನಿಂದ ತೊಲೆಯನ್ನು ಮೂರು ಕಡೆ ಕುಟ್ಟಿ, ಕಿವಿಯಿಟ್ಟು ಕೇಳಿ, ನಾಡಿ ನೋಡಿದ ಪಂಡಿತನ ಗಾಂಭೀರ್ಯದಿಂದ ಇಳಿದು ಬಂದ.

"ಆನೆ ನಿಲ್ಲಿಸಬೋದು ಮೇಷ್ಟ್ರೇ."

ಯಾವ ವಸ್ತುವಿನ ಶಕ್ತಿಯನ್ನೇ ಆಗಲಿ ಆನೆಯಲ್ಲಿ ಅಳೆಯುವುದು ನಮ್ಮ ಕಡೆಯವರ ಅಭ್ಯಾಸ. ಮೇಜು, ಮಂಚ, ಮೋರಿಯ ಚಪ್ಪಡಿ, ಎಲ್ಲಕ್ಕೂ ಆನೆಯೇ ಮಾನದಂಡ. ನಮ್ಮ ತಾಲ್ಲೂಕಿಗೆ ಆನೆಗಳ ಕೊರತೆಯೇನೂ ಇಲ್ಲ, ಕನಕಪುರದ ಕಾಡಿನ ಕಡೆಯಿಂದ ಬಂದು ತೆಂಗು, ಬಾಳೆ ಎಲ್ಲ ತಿಂದು ಹೋಗುತ್ತವೆ. ಆದರೆ ಇಷ್ಟು ವರ್ಷದಲ್ಲಿ ಒಂದಾದರೂ ಆನೆ ಯಾರ ಮನೆಯ ಅಟ್ಟವನ್ನೂ ಕೇಳಿದ್ದಿಲ್ಲ.

"ಒಸಿ ಹತ್ತಿ ಕುಣೀರಿ ನೋಡೋಣ" ಎಂದ ಮೇಸ್ತ್ರಿ. ಹತ್ತಿ ಕುಣಿದೆ. ಅರವತ್ತು ವರ್ಷದ ನಿವೃತ್ತ ಉಪನ್ಯಾಸಕ ಅಟ್ಟದ ಮೇಲೆ ಹಾರಿ ಹಾರಿ ಕುಣಿಯುವುದನ್ನು ಎದುರು ಮನೆಯವರು ಕಿಟಕಿಯಿಂದ ನೋಡಿದರು. ಹಲಗೆ ಸಂದಿನಿಂದ ಒಂದು ಹಿಡಿ ಮಣ್ಣು ಉದುರಿ, ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅವ್ವನ ಮೊರದೊಳಕ್ಕೆ ಬಿತ್ತು. ಅವ್ವನಿಗೆ ಎಪ್ಪತ್ತೊಂಬತ್ತು. ಕಣ್ಣು, ಕಿವಿ, ನಾಲಗೆ ಮೂರೂ ಚೆನ್ನಾಗಿವೆ. ಮಣ್ಣನ್ನು ನೋಡಿದಳು, ಮೇಲೆ ನೋಡಿದಳು, ಮತ್ತೆ ಮೊರ ನೋಡಿದಳು.

"ಪುಸ್ತಕ ಕೆಳಗೇ ಇರ್ಲಿ ಬುಡೋ ಶಂಕ್ರ" ಎಂದಳು.

"ಯಾಕವ್ವಾ?"

"ಯಾಕೂ ಇಲ್ಲ. ಕೆಳಗೇ ಇರ್ಲಿ."

ಕಾರಣವಿಲ್ಲದ ಮಾತನ್ನು ವಿಜ್ಞಾನಿ ಒಪ್ಪಲಾರ. ನಾನು ಅವಳಿಗೆ ಮೂವತ್ತು ಮೂಟೆಯ ಲೆಕ್ಕವನ್ನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಒಂದು ಅವರೆಕಾಯಿಯನ್ನು ಎರಡು ಸಲ ಸುಲಿದಳು. ವಯಸ್ಸಾಯಿತು ಎಂದುಕೊಂಡೆ.

ಎಂಜಿನಿಯರನ್ನು ಕರೆಸಿದ್ದು ಮಂಗಳ. ಬಂದವಳು ಸಹನಾ, ಕನಕಪುರದ ಹುಡುಗಿ, ರಾಮನಗರದಲ್ಲಿ ಮನೆ ಪ್ಲಾನು ಮಾಡಿಕೊಡುತ್ತಾಳೆ. ನನ್ನದೇ ಶಿಷ್ಯೆ. ಶಿಷ್ಯರು ಬೆಳೆದು ದೊಡ್ಡವರಾಗುವುದು ಸಂತೋಷದ ವಿಷಯ, ನಮ್ಮ ಮನೆಗೆ ಬಂದು ನಮ್ಮ ತಪ್ಪು ತಿದ್ದದಿರುವವರೆಗೆ. ಅವಳು ಕುಟ್ಟಲಿಲ್ಲ, ಕುಣಿಯಲೂ ಹೇಳಲಿಲ್ಲ. ಟಾರ್ಚು ಹಿಡಿದು ತೊಲೆಯುದ್ದಕ್ಕೂ ನೋಡಿದಳು, ಆಮೇಲೆ ಏನೋ ಕಳೆದುಕೊಂಡವಳಂತೆ ನೆಲ ನೋಡತೊಡಗಿದಳು. ನಡುಮನೆಯ ಮಧ್ಯದ ಕಲ್ಲಿನ ಮೇಲೆ ಅಂಗೈ ಅಗಲದ ಒಂದು ಗುರುತಿತ್ತು.

"ಸರ್, ಇಲ್ಲೊಂದು ಕಂಬ ಇತ್ತಲ್ವಾ?"

ಇತ್ತು. ತೊಲೆಯ ನಡುವಿಗೆ ಆನಿಕೊಂಡು ತಾತನ ಕಾಲದಿಂದ ನಿಂತಿದ್ದ ಕಂಬ. ಚೈತ್ರಳ ಮದುವೆಯಲ್ಲಿ ಅರಿಶಿನದ ಶಾಸ್ತ್ರ ಹಿಡಿಯಲು ಬಂದ ವೀಡಿಯೋದವನು ಅದು ಅಡ್ಡ ಬರುತ್ತದೆ, ಹುಡುಗಿಯ ಮುಖ ಅರ್ಧ ಹೋಗುತ್ತದೆ ಎಂದ. ಸಿದ್ದರಾಜು ಮೇಸ್ತ್ರಿ ಅರ್ಧ ಗಂಟೆಯಲ್ಲಿ ಅದನ್ನು ಬಿಚ್ಚಿಕೊಟ್ಟ. ಆ ವೀಡಿಯೋವನ್ನು ನಾವು ಇದುವರೆಗೆ ಒಂದು ಸಲ ನೋಡಿದ್ದೇವೆ. ಇದನ್ನು ಶಿಷ್ಯೆಗೆ ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗಿತು.

"ಕಂಬ ಇಲ್ಲ ಅಂದ್ರೆ ಲೆಕ್ಕಾನೇ ಬೇರೆ ಸರ್. ನೀವೇ ಹೇಳಿಕೊಟ್ಟಿದ್ದು" ಎಂದಳು. "ತೊಲೆ ತುದಿ ಗೋಡೆ ಒಳಗೆ ಹೆಂಗಿದೆ ನೋಡಬೇಕು. ಒಂದಡಿ ಗಾರೆ ಕಿತ್ರೆ ಸಾಕು."

ಗೋಡೆಗೆ ಬಣ್ಣ ಹೊಡೆಸಿ ಹದಿನೈದು ದಿನವಾಗಿರಲಿಲ್ಲ. ಮಗಳು ಬರುತ್ತಾಳೆಂದು ತಿಳಿ ಗುಲಾಬಿ, ಅದಕ್ಕೂ ಎರಡು ವಾರದ ಚರ್ಚೆ ಆಗಿತ್ತು. ಅದನ್ನು ಕೆಡಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ. "ಇದರ ಮೇಲೆ ಮೂವತ್ತು ಮೂಟೆ ರಾಗಿ ಇತ್ತಮ್ಮ" ಎಂದು ದೊಡ್ಡಪ್ಪನ ಗತ್ತಿನಲ್ಲೇ ಹೇಳಿದೆ.

ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತಿದಳು. "ಹೌದಾ ಸರ್? ಯಾರು ನೋಡಿದ್ದು?"

"ಇಡೀ ಊರೇ ನೋಡಿದೆ. ಬೇಕಾದರೆ ನಮ್ಮ ಅವ್ವನನ್ನು ಕೇಳು."

ಸಹನಾ ಅವ್ವನ ಕಡೆ ತಿರುಗಿದಳು. ಅವ್ವ ಅವಳ ಮುಖ ನೋಡಿ, ನನ್ನ ಮುಖ ನೋಡಿ, "ಕಾಫಿ ತತ್ತೀನಿ ತಡಿಯವ್ವ" ಎಂದು ಎದ್ದು ಒಳಗೆ ಹೋದಳು. ಕಾಫಿ ಬಂತು, ಉತ್ತರ ಬರಲಿಲ್ಲ. ಗೋಡೆ ತೆಗೆಸದೆ ನಾನು ಏನೂ ಹೇಳಲಾರೆ, ಅಲ್ಲಿಯವರೆಗೆ ಏನನ್ನೂ ಏರಿಸಬೇಡಿ ಸರ್ ಎಂದು ಹೇಳಿ ಸಹನಾ ಹೊರಟುಹೋದಳು. ಈಗಿನ ಮಕ್ಕಳಿಗೆ ಅನುಭವ ಸಾಲದು ಎಂದು ನಾನೂ ಮೇಸ್ತ್ರಿಯೂ ಒಂದೇ ಮನಸ್ಸಿನಿಂದ ತೀರ್ಮಾನಿಸಿದೆವು. ಬಣ್ಣ ಉಳಿಯಿತು.

"ಆಂಜನೇಯನ ಮೇಲೆ ಭಾರ ಹಾಕಿ ಏರಿಸ್ಬುಡಿ ಮೇಷ್ಟ್ರೇ" ಎಂದು ಮೇಸ್ತ್ರಿ ಕೆಂಗಲ್ಲಿನ ಗುಡಿಯ ದಿಕ್ಕಿಗೆ ಕೈಮುಗಿದ. ನಮ್ಮ ನಾಡಿನ ಕಟ್ಟಡಗಳ ಭಾರವೆಲ್ಲ ಕೊನೆಗೆ ಹೋಗಿ ಬೀಳುವುದು ಅಲ್ಲಿಗೇ. ಬೆಟ್ಟವನ್ನೇ ಹೊತ್ತವನಿಗೆ ನನ್ನ ಪುಸ್ತಕ ಹೆಚ್ಚಲ್ಲ, ಒಪ್ಪುತ್ತೇನೆ. ಆದರೆ ಅವನು ಇರುವುದು ಹೆದ್ದಾರಿಯ ಪಕ್ಕ, ತೊಲೆ ಇರುವುದು ಅಕ್ಕೂರಿನಲ್ಲಿ.

ಮಗಳು ಬರುವ ದಿನ ಬೆಳಗ್ಗೆಯಿಂದಲೇ ನಾನೂ ಮೇಸ್ತ್ರಿಯೂ ಪುಸ್ತಕ ಏರಿಸತೊಡಗಿದೆವು. ಹನ್ನೊಂದರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮೇಲೆ ಹೋಗಿತ್ತು. ಅಳಿಯ ಕಾರಿನಲ್ಲಿ ಕರೆತಂದು ಬಿಟ್ಟು, ಕೆಲಸವಿದೆಯೆಂದು ಹಾಗೇ ಹಿಂದಿರುಗಿದ. ಚೈತ್ರ ಬಂದವಳು ಉಸ್ಸಪ್ಪಾ ಎಂದು ನಡುಮನೆಯ ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತಳು. ಹಿದುಕಿದ ಬೇಳೆ ಸಾರು ತಿನ್ನಬೇಕೆಂದು ಹದಿನೈದು ದಿನದಿಂದ ಫೋನಿನಲ್ಲಿ ಹೇಳುತ್ತಿದ್ದಳು. ಮಂಗಳ ಮುದ್ದೆ, ಸಾರು ಹಾಕಿ ತಟ್ಟೆ ತಂದುಕೊಟ್ಟಳು. ನಾನು ಅಟ್ಟದ ಮೇಲೆ ನಿಂತು ಮೇಸ್ತ್ರಿ ಕೊಡುವ ಕಟ್ಟುಗಳನ್ನು ಜೋಡಿಸುತ್ತಾ, ಅವಳ ಓದು, ನನ್ನ ನಿವೃತ್ತಿ, ತಾತನ ಮೂವತ್ತು ಮೂಟೆ ಎಲ್ಲದರ ಬಗ್ಗೆ ಮೇಲಿನಿಂದಲೇ ಮಾತಾಡುತ್ತಿದ್ದೆ. ಎತ್ತರದಲ್ಲಿ ನಿಂತವರಿಗೆ ಮಾತು ಹೆಚ್ಚು.

ಆಗ ಒಂದು ಸದ್ದಾಯಿತು. ದೊಡ್ಡದೇನಲ್ಲ, ಒಣಗಿದ ಅವರೆಕಾಯಿ ಬಿಸಿಲಿಗೆ ಸಿಡಿಯುತ್ತದಲ್ಲ, ಅಷ್ಟೇ. ಚೈತ್ರಳ ತಟ್ಟೆಯೊಳಗೆ ಒಂದಿಷ್ಟು ಮಣ್ಣು ಬಿತ್ತು.

"ಮರ ಒಸಿ ಕೂತ್ಕೊತಾ ಐತೆ, ಏನೂ ಆಗಕಿಲ್ಲ" ಎಂದ ಮೇಸ್ತ್ರಿ.

ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ಬಂದಳು. ಅವಳು ಅಷ್ಟು ಬೇಗ ನಡೆದದ್ದನ್ನು ನಾನು ಹತ್ತು ವರ್ಷದಿಂದ ನೋಡಿರಲಿಲ್ಲ. ಮೊಮ್ಮಗಳ ಎಂಜಲು ಕೈಯನ್ನೇ ಹಿಡಿದು, "ಏಳವ್ವ, ಆಚೆಗೆ ಏಳು, ಏಳು ಅಂದೆ" ಎಂದು ಎಬ್ಬಿಸಿ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಆಮೇಲೆ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು.

"ಇಳಿಯೋ ಶಂಕ್ರ."

"ಅವ್ವಾ, ಮೂವತ್ತು ಮೂಟೆ..."

"ಸಾಕು ನಿಲ್ಸು ನಿನ್ನ ಮೂವತ್ತು ಮೂಟೇನ! ರಾಗೀನ ಯಾವನಾದ್ರೂ ಅಟ್ಟಕ್ಕೆ ಹಾಕ್ತಾನೇನ್ಲಾ? ರಾಗಿ ಹಾಕೋದು ಹಗೇವಿಗೆ. ಅಂಗ್ಳದಲ್ಲಿ ಹಗೇವು ಮಡೀಕೊಂಡು ಮೂಟೆ ಹೊತ್ಕೊಂಡು ಏಣಿ ಹತ್ತೋಕೆ ನಿಮ್ಮ ತಾತನಿಗೇನು ಹುಚ್ಚು ಹಿಡ್ದಿತ್ತಾ?"

ನಾನು ಒಂದು ಕಟ್ಟನ್ನು ಎದೆಗೆ ಅವಚಿಕೊಂಡು ಹಾಗೇ ನಿಂತುಬಿಟ್ಟೆ. ಹಗೇವು ಎಂದರೆ ನೆಲದೊಳಗೆ ತೋಡಿದ ರಾಗಿಯ ಕಣಜ. ಸುತ್ತ ಹುಲ್ಲು ಕೊಟ್ಟು, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ದಿನವೇ ಒಳಕ್ಕೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ. ಲಾಟೀನು ಇಳಿಬಿಟ್ಟು ಆರುತ್ತದೋ ಇಲ್ಲವೋ ನೋಡಬೇಕು. ಅದು ಏಕೆ ಆರುತ್ತದೆಂದು ನಾನು ಕ್ಲಾಸಿನಲ್ಲಿ ನಮ್ಮ ಮನೆಯ ಹಗೇವನ್ನೇ ಉದಾಹರಣೆ ಕೊಟ್ಟು ವರ್ಷವರ್ಷವೂ ಹೇಳಿದ್ದೇನೆ. ಅದರ ಚಪ್ಪಡಿಯ ಮೇಲೆ ಈಗ ನನ್ನ ಸ್ಕೂಟರು ನಿಲ್ಲುತ್ತದೆ. ರಾಗಿ ಅಲ್ಲಿದ್ದರೆ ಅಟ್ಟದ ಮೇಲೆ ಇದ್ದದ್ದು ಏನು ಎಂಬ ಪ್ರಶ್ನೆ, ರಾಗಿ ಬೆಳೆದು ರಾಗಿ ತಿಂದ ಮೂರು ತಲೆಮಾರಿನಲ್ಲಿ ಒಬ್ಬನ ಬಾಯಲ್ಲೂ ಬಂದಿರಲಿಲ್ಲ. ಹೊಗಳಿಕೆಯ ಮಾತಿಗೆ ಯಾರು ಪುರಾವೆ ಕೇಳುತ್ತಾರೆ?

"ಮತ್ತೆ ಆ ಮೂಟೆ, ಅವ್ವಾ?"

"ಮೂಟೆ ಇದ್ವು. ಮುಂದುಗಡೆ ಎರಡರಲ್ಲಿ ರಾಗಿ. ಮಿಕ್ಕಿದ್ದೆಲ್ಲ ಹೊಟ್ಟು ಕಣಪ್ಪ. ಬೊಂಬೆ ಹೊಟ್ಟು. ನಮ್ಮಪ್ಪ ಮನೆ ನೋಡೋಕೆ ಬತ್ತಾನೆ ಅಂತ ನಿಮ್ಮ ತಾತ ಹಿಂದಿನ ದಿನ ಚನ್ನಪಟ್ಟಣದಿಂದ ಗಾಡೀಲಿ ಹೇರ್ಕೊಂಡು ಬಂದಿದ್ರಂತೆ."

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕಡೆ ನೀವು ಹೋಗಿದ್ದರೆ ನೋಡಿರುತ್ತೀರಿ. ಹಾಲೆ ಮರದ ತುಂಡು ತಿರುಗುವಾಗ ಉಳಿಯ ಬಾಯಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತದೆ. ಒಂದು ಗೋಣಿ ತುಂಬ ತುಂಬಿದರೂ ಒಂದು ದಿಂಬಿನಷ್ಟು ಭಾರವಿರುವುದಿಲ್ಲ. ನನ್ನ ಎರಡು ಟನ್ನು ಅದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಿದೆ. ತಾತ ಮಿತವ್ಯಯಿ, ಇಪ್ಪತ್ತೆಂಟರಲ್ಲಿ ಮುಗಿಸಿದ್ದರು.

ಸಿದ್ದರಾಜು ಮೇಸ್ತ್ರಿ ತಲೆಯ ಮೇಲಿದ್ದ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟ. ಮಂಗಳ ಆಗಲೇ ಫೋನು ತೆಗೆದಿದ್ದಳು. ನಾನು ಅಟ್ಟದ ಮೇಲೆ ಹೆಜ್ಜೆ ಎತ್ತಲೂ ಹೆದರಿ ನಿಂತಿದ್ದೆ. ಹಲಗೆಯ ಸಂದಿನಲ್ಲಿ ಕೆಳಗಿನ ತಟ್ಟೆ ಕಾಣುತ್ತಿತ್ತು, ಅರ್ಧ ತಿಂದ ಮುದ್ದೆ ಕಾಣುತ್ತಿತ್ತು. ಒಂದು ಗಳಿಗೆಯ ಹಿಂದೆ ಅಲ್ಲಿ ನನ್ನ ಮಗಳು ಕೂತಿದ್ದಳು. ಜೀವನದಲ್ಲಿ ನಾನು ಅಷ್ಟು ಹೆದರಿದ್ದು ಬೇರೆ ಯಾವಾಗಲೂ ಇಲ್ಲ. ಕಟ್ಟನ್ನು ಎದೆಗೆ ಅವಚಿಕೊಂಡೇ ಒಂದೊಂದು ಮೆಟ್ಟಿಲಾಗಿ ಏಣಿ ಇಳಿದೆ.

ಸಹನಾ ಎರಡು ಗಂಟೆಯೊಳಗೆ ಬಂದಳು. ‘ನಾನು ಹೇಳಲಿಲ್ಲವೇ’ ಎಂದು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೊದಲು ತೊಲೆಯ ಕೆಳಗೆ ನಾಲ್ಕು ಸರ್ವೆ ಗಳಗಳನ್ನು ಆನಿಸಿ 'ಈಗ ಇಳಿಸಿ' ಎಂದಳು. ಪುಸ್ತಕವೆಲ್ಲ ಇಳಿದ ಮೇಲೆ ತಿಳಿ ಗುಲಾಬಿ ಗೋಡೆಯ ಒಂದಡಿ ಗಾರೆ ಕಿತ್ತಳು, ತೊಲೆಯ ತುದಿಗೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದಳು. ಹಿಡಿಯವರೆಗೂ ಒಳಗೆ ಹೋಯಿತು. ಬೆಣ್ಣೆಗಾದರೂ ಸ್ವಲ್ಪ ಒತ್ತಬೇಕಾಗುತ್ತದೆ. ಹೊರಗಿನ ಮೂರು ಮಗ್ಗುಲು ಮರ, ಒಳಗೆಲ್ಲ ಗೆದ್ದಲು ಕಟ್ಟಿದ ಮಣ್ಣು. ಆನೆ ನಿಲ್ಲಿಸಬಹುದು ಎಂದಿದ್ದ ಮೇಸ್ತ್ರಿ ಆ ಹೊತ್ತಿನಲ್ಲಿ ಹಿತ್ತಲ ಕಡೆ ಏನೋ ಕೆಲಸ ಹುಡುಕಿಕೊಂಡಿದ್ದ.

"ಸರ್, ಇದು ಇಷ್ಟು ದಿನ ಹೆಂಗೆ ನಿಂತಿತ್ತೋ ಗೊತ್ತಿಲ್ಲ" ಎಂದಳು.

ಹೇಗೆ ಅಂದರೆ, ಅದರ ಮೇಲೆ ಯಾವತ್ತೂ ಏನೂ ಇರಲಿಲ್ಲ. ತೂತು ಬಿದ್ದ ಹಂಡೆ, ಚಂದ್ರಿಕೆ, ಹುಣಸೆಹಣ್ಣು, ಒಂದು ಹೆಮ್ಮೆಯ ಮಾತು, ಇಷ್ಟೇ. ಇವುಗಳಲ್ಲಿ ಯಾವುದಕ್ಕೂ ಹೇಳಿಕೊಳ್ಳುವಂಥ ತೂಕವಿಲ್ಲ.

ಈಗ ತೊಲೆಯ ಜಾಗದಲ್ಲಿ ಉಕ್ಕಿನದು ಬಂದಿದೆ, ಅದರ ನಡುವಿಗೆ ಒಂದು ಕಂಬವೂ. ಇನ್ನು ಯಾವ ವೀಡಿಯೋದವನು ಬಂದರೂ ಕಂಬವನ್ನು ಸುತ್ತಿಕೊಂಡೇ ಹೋಗಬೇಕು. ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಕಾಲೇಜಿಗೇ ವಾಪಸು ಹೋದವು, ಮಿಕ್ಕವು ಜಗಲಿಯ ಗೋಡೆಗೂಡಿನಲ್ಲಿವೆ. ನಾನೂ ಜಗಲಿಯಲ್ಲೇ ಓದುತ್ತೇನೆ. ಊರಿನಲ್ಲಿ ಮೂವತ್ತು ಮೂಟೆಯ ಮಾತು ಗಾರೆ ಒಣಗುವ ಮೊದಲೇ ಮೇಸ್ತ್ರಿಯ ಬಾಯಿಂದ ಹರಡಿತು. ಅವನಿಗೆ ಅಷ್ಟಾದರೂ ಪರಿಹಾರ ಬೇಡವೇ? ನಾಲ್ಕು ದಿನ ತಲೆ ತಗ್ಗಿಸಿ ಓಡಾಡಿದೆ. ಆಮೇಲೆ ನಾಲ್ಕೈದು ಮನೆಯವರು ಸಹನಾಳ ನಂಬರು ಕೇಳಿಕೊಂಡು ಸದ್ದಿಲ್ಲದೆ ಬಂದುಹೋದರು. ಅವರವರ ಅಟ್ಟದ ಮೇಲೆ ಏನಿತ್ತೆಂದು ನಾನು ಕೇಳಲಿಲ್ಲ.

ಚೈತ್ರಳಿಗೆ ಹೆಣ್ಣುಮಗು. ಮೂರು ತಿಂಗಳು ತುಂಬಿದೆ. ಮೊನ್ನೆ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಒರಗಿದ್ದಾಗ ಅವ್ವ ತೊಟ್ಟಿಲು ತೂಗುತ್ತಿದ್ದಳು, ನಾನು ಕಂಬಕ್ಕೆ ಒರಗಿ ಕೂತಿದ್ದೆ. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು ಬಾಯಿಗೆ ಬಂತು.

"ಅವ್ವಾ, ಅದು ಹೊಟ್ಟು ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಮದುವೆಯಾಗಿ ಬಂದ ಮೂರನೇ ದಿನಕ್ಕೇ. ಅತ್ತೆ ಹುಣಸೆಹಣ್ಣು ತಗೊಂಬಾ ಅಂತ ಅಟ್ಟಕ್ಕೆ ಹತ್ಸುದ್ರು. ಮೂಟೆ ಅಡ್ಡ ಇತ್ತು. ಪಕ್ಕಕ್ಕೆ ತಳ್ಳಾನ ಅಂತ ಹಿಡ್ಕೊಂಡೆ, ಒಂದೇ ಕೈಗೆ ಎದ್ದು ಬಂದ್ಬುಡ್ತು."

"ಕುದೂರಿನ ತಾತನಿಗೆ ಹೇಳಲಿಲ್ವಾ?"

"ಹೇಳಿದ್ರೆ ನಮ್ಮಪ್ಪ ಅವತ್ತೇ ಗಾಡಿ ಕಟ್ಕೊಂಡು ಬಂದು ಕರ್ಕೊಂಡೋಗ್ಬುಡ್ತಿದ್ದ. ಭಾರೀ ಕೋಪದ ಮನುಸ."

"ಮತ್ತೆ ಯಾಕೆ ಹೇಳಲಿಲ್ಲ?"

ಅವ್ವ ಬಗ್ಗಿ ಮಗುವಿನ ಹೊದಿಕೆ ಸರಿಮಾಡಿದಳು. ಮಗು ಒಮ್ಮೆ ಮುಲುಗಿ ಮತ್ತೆ ನಿದ್ದೆ ಹೋಯಿತು.

"ಮೂಟೆ ಕೈಲಿ ಹಿಡ್ಕೊಂಡು ಕೆಳಕ್ಕೆ ನೋಡಿದೆ ಕಣಪ್ಪ. ನಿಮ್ಮಪ್ಪ ಏಣಿ ಹಿಡ್ಕೊಂಡು ನಿಂತಿದ್ರು. ನಂಗೆ ಗೊತ್ತಾಯ್ತು ಅಂತ ಅವರಿಗೂ ಗೊತ್ತಾಗೋಯ್ತು, ಮುಖ ಬಿಳಿಚ್ಕೊಂಡ್ಬುಡ್ತು. ಬೇರೆ ಯಾವನಾದ್ರೂ ಆಗಿದ್ರೆ ಅಲ್ಲಿಂದ ಓಡೋಗ್ತಿದ್ದ. ನಿಮ್ಮಪ್ಪ ಏಣಿ ಬುಡ್ಲಿಲ್ಲ. ಹುಷಾರು, ಮೆಟ್ಲು ಸಡಿಲ ಐತೆ ಅಂದ್ರು. ಅಷ್ಟೇ. ನಾನು ಆ ಮೂಟೇನೂ ಎತ್ಕೊಂಡೇ ಇಳ್ದು ಬಂದೆ, ನೀರೊಲೆಗೆ ಹಾಕ್ದೆ. ಅವತ್ತು ಅವರಿಗೆ ಒಳ್ಳೆ ಬಿಸಿನೀರು ಕಾಯ್ಸಿಕೊಟ್ಟೆ."